ಅಕ್ಕೋರು ಓದುತ್ತಿದ್ದ ಊರುಗಳು

ಅಕ್ಕೋರ ಬಲಗೈ ತೋರುಬೆರಳಿನ ತುದಿಗೆ ಯಾವಾಗಲೂ ಒಣಗಿದ ಗೋಂದು ಅಂಟಿರುತ್ತಿತ್ತು. ಊಟಕ್ಕೆ ಮೊದಲು ಹಿತ್ತಲ ಕಲ್ಲಿಗೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಊಟವಾಗಿ ಅರ್ಧ ಗಂಟೆಯೊಳಗೆ ಮತ್ತೆ ಅಂಟಿರುತ್ತಿತ್ತು. ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ನಮ್ಮ ಹಳೆಯ ಕಂಪನಿಯ ಮುನಿಯಮ್ಮ ಸಿಕ್ಕಿ, "ಅಕ್ಕೋರು ಹೋಗ್ಬಿಟ್ರಂತೆ ಕಣಪ್ಪ, ಹತ್ತು ದಿನ ಆಯ್ತಂತೆ" ಎಂದಾಗ ನನಗೆ ಮೊದಲು ನೆನಪಾದದ್ದು ಆ ಬೆರಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಂದು ಸರ್ಕಾರಿ ಕಾಗದದಲ್ಲಿ ಆ ಹೆಸರು ಬರಬಾರದ ರೀತಿಯಲ್ಲಿ ಬಂತು. ಅದರಲ್ಲಿ ನನ್ನ ಪಾಲು ಇತ್ತು.

ನಮ್ಮದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿದ್ದ ಊದುಬತ್ತಿ ಕಂಪನಿ. ನಲವತ್ತು ಹೆಂಗಸರು ಬತ್ತಿ ಹೊಸೆಯುತ್ತಿದ್ದರು, ನಾವು ಆರು ಜನ ಗಂಡಸರು ಪ್ಯಾಕಿಂಗಿನಲ್ಲಿದ್ದೆವು. ಸರಕೆಲ್ಲ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಅದರ ಕಾಗದಪತ್ರ ನೋಡಿಕೊಳ್ಳುತ್ತಿದ್ದವರು ಅಕ್ಕೋರು. ಮದುವೆಯಾಗಿರಲಿಲ್ಲ, ಶಂಕರಪುರದಲ್ಲಿ ತಮ್ಮನ ಮನೆಯಲ್ಲಿದ್ದರು. ಕಂಪನಿಯ ಪರವಾಗಿ ರಫ್ತಿನ ಕಾಗದಗಳಿಗೆ ಸಹಿ ಹಾಕುವ ಅಧಿಕಾರ ಅವರಿಗಿತ್ತು. ಒಬ್ಬ ಹೆಂಗಸಿಗೆ ಅಂಥ ಅಧಿಕಾರ ಕೊಟ್ಟ ಕಂಪನಿ ಆಗ ನಮ್ಮ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಸಹಿ ಹಾಕುವ ಮುಂಚೆ ಕಾಗದವನ್ನು ಒಂದು ಸಲ ಮೇಲಿನಿಂದ ಕೆಳಕ್ಕೆ, ಇನ್ನೊಂದು ಸಲ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. "ಮೇಲಿಂದ ಓದಿದ್ರೆ ಮುಂದಿನ ಸಾಲನ್ನ ಮನಸ್ಸೇ ಊಹೆ ಮಾಡ್ಕೊಂಡ್ಬಿಡುತ್ತೆ. ಕೆಳಗಿಂದ ಓದಿದ್ರೆ ಅದಕ್ಕೆ ಮೋಸ ಮಾಡಕ್ಕಾಗಲ್ಲ" ಅನ್ನುತ್ತಿದ್ದರು.

ಗೋಂದಿನ ವಿಷಯಕ್ಕೆ ಬರುತ್ತೇನೆ. ಯಾವ ದೇಶದ ಜೊತೆ ವ್ಯಾಪಾರ ಮಾಡಬಾರದು ಎಂಬ ಪಟ್ಟಿಯೊಂದು ಸರ್ಕಾರದಿಂದ ಬರುತ್ತಿತ್ತು. ಅದು ಬಂದು ಸುಮ್ಮನೆ ಕೂರುವ ಪಟ್ಟಿಯಲ್ಲ. ತಿಂಗಳಿಗೊಂದು ಸುತ್ತೋಲೆ ಬಂದು ಒಂದು ಸಾಲು ಸೇರುತ್ತಿತ್ತು, ಒಂದು ಸಾಲು ಬದಲಾಗುತ್ತಿತ್ತು. ಅಕ್ಕೋರು ಆ ಸಾಲನ್ನು ಕತ್ತರಿಸಿ, ಒಂದು ದಪ್ಪ ಪುಸ್ತಕದಲ್ಲಿ ಹಳೆಯ ಸಾಲಿನ ಮೇಲೆ ಅಂಟಿಸುತ್ತಿದ್ದರು. ಪೋಸ್ಟಿನವನ ಸೈಕಲ್ ಬೆಲ್ಲು ಕೇಳಿದರೆ ಸಾಕು, ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟು ಎದ್ದುಬಿಡುತ್ತಿದ್ದರು. ಸಂಜೆ ಮನೆಗೆ ಹೊರಟವರು ರಸ್ತೆಯ ತಿರುವಿನವರೆಗೆ ಹೋಗಿ, ಬೀರುವಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಬರುತ್ತಿದ್ದರು. ಯಜಮಾನರು ತಮಾಷೆಗೆ, "ಏನಮ್ಮ, ಇವತ್ತು ಪ್ರಪಂಚ ತೆರೆದಿದೆಯೋ, ಬಾಗಿಲು ಹಾಕಿದೆಯೋ?" ಎಂದರೆ ಇವರು ನಗದೆ, "ಇನ್ನೂ ಟಪಾಲು ಬಂದಿಲ್ಲ ಸಾರ್" ಅನ್ನುತ್ತಿದ್ದರು.

ಪ್ರತಿ ಸೋಮವಾರ ಬೆಳಿಗ್ಗೆ ಆ ಪುಸ್ತಕ ಹಿಡಿದು ನಮ್ಮ ಪ್ಯಾಕಿಂಗ್ ಶೆಡ್ಡಿಗೆ ಬಂದು ನಿಲ್ಲುತ್ತಿದ್ದರು. ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಹೆಸರು ಓದುತ್ತಿದ್ದರು. "ದಕ್ಷಿಣ ಆಫ್ರಿಕಾ. ಅದರ ಬಂದರುಗಳು: ಡರ್ಬನ್, ಕೇಪ್‌ಟೌನ್, ಪೋರ್ಟ್ ಎಲಿಜಬೆತ್. ರೊಡೇಷಿಯಾ. ಅದಕ್ಕೆ ಬಂದರಿಲ್ಲ, ಪಕ್ಕದ ದೇಶದಿಂದ ರೈಲಲ್ಲಿ ಹೋಗುತ್ತೆ, ಅದಕ್ಕೇ ಹುಷಾರು." ಓದಿ ಮುಗಿಸಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಪೆಟ್ಟಿಗೆಗೆ ಕೊನೆಯ ಮೊಳೆ ಹೊಡೆಯುವವನು, ಮೇಲೆ ಊರಿನ ಹೆಸರು ಹಾಕುವವನು ಯಾರೋ ಅವನಿಗೆ ಈ ಹೆಸರುಗಳು ಗೊತ್ತಿರಲೇಬೇಕು ಎಂಬುದು ಅವರ ಹಟ.

ಒಂದು ಸಲ ಮುನಿಯಮ್ಮ ಬತ್ತಿ ಹೊಸೆಯುತ್ತಲೇ ಕೇಳಿದಳು: "ಅವರೇನು ತಪ್ಪು ಮಾಡವ್ರೆ ಅಕ್ಕೋರೆ, ನಾವು ಊದುಬತ್ತಿ ಕೊಡದಂಗೆ?"

"ಅಲ್ಲಿ ಕರಿ ಜನಕ್ಕೆ, ನಮ್ಮಂಥೋರಿಗೆ ಬೇರೆ ಬೆಂಚು, ಬೇರೆ ನಲ್ಲಿ, ಬೇರೆ ಬೀದಿ. ಅದಕ್ಕೇ ನಮ್ಮ ಸರ್ಕಾರ ಅವರ ಹತ್ರ ವ್ಯಾಪಾರ ಬಿಟ್ಟಿದೆ."

"ಅಷ್ಟೇನಾ? ನಮ್ಮೂರ ಹೋಟ್ಲಲ್ಲಿ ನಂಗೆ ಬೇರೆ ಲೋಟ ಇಡ್ತಿದ್ರು. ಅದರ ಹೆಸರೂ ಬರ್ಕೊಳಿ ನಿಮ್ಮ ಲಿಸ್ಟಲ್ಲಿ."

ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ಅಕ್ಕೋರಿಗೆ ನಗು ಬರಲಿಲ್ಲ, ಪುಸ್ತಕ ಮುಚ್ಚಿಕೊಂಡು ಹೋದರು. ಮಾರನೇ ದಿನದಿಂದ ಅವರು ಮನೆಯಿಂದ ನೀರಿನ ಕೂಜ ತರುವುದು ನಿಂತಿತು. ಬಾಯಾರಿದರೆ ಶೆಡ್ಡಿಗೆ ಬಂದು ಹೆಂಗಸರ ಮಡಕೆಯಿಂದಲೇ ಬಗ್ಗಿಸಿಕೊಂಡು ಕುಡಿಯುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಾರ್ಕೆಟ್ಟಿನಲ್ಲಿ ಹಣ್ಣಿನ ಪೆಟ್ಟಿಗೆಗೆ ಮೊಳೆ ಹೊಡೆದು ಕೈ ಪಳಗಿಸಿಕೊಂಡು ಈ ಕಂಪನಿಗೆ ಬಂದೆ. ಹೊರದೇಶದ ಪೆಟ್ಟಿಗೆಗಳ ಮೇಲೆ ಊರಿನ ಹೆಸರು ಹಾಕಲು ತಗಡಿನಲ್ಲಿ ಅಕ್ಷರ ಕೊರೆಯಬೇಕು, ಅದರ ಮೇಲೆ ಮಸಿ ಬಳಿಯಬೇಕು. ಅದು ನನ್ನ ಕೆಲಸ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ನಾನು ಉಳಿ ಸುತ್ತಿಗೆಯಿಂದ ಕಲಿತವನು. ಕನ್ನಡ ಪೇಪರನ್ನು ದಿನಾ ಒಂದಕ್ಷರ ಬಿಡದೆ ಓದುತ್ತಿದ್ದೆ. ಯಾರಾದರೂ ನನ್ನನ್ನು ಓದುಬರಹ ಇಲ್ಲದವನ ಹಾಗೆ ನೋಡಿದರೆ ಮೈ ಉರಿದುಹೋಗುತ್ತಿತ್ತು. ಅಕ್ಕೋರು ಹಾಗೆ ನೋಡುತ್ತಿರಲಿಲ್ಲ ಎಂಬುದು ಈಗ ಗೊತ್ತು. ಆಗ ಆ ಸೋಮವಾರದ ಓದು ನನಗಾಗಿಯೇ ಇಟ್ಟದ್ದು ಅನ್ನಿಸುತ್ತಿತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷ. ಅವರು ಆರ್ಡರನ್ನು ಪಾಸು ಮಾಡುವ ಮುಂಚೆಯೇ ನಾನು ಹನ್ನೆರಡು ಪೆಟ್ಟಿಗೆಗಳ ಮೇಲೆ ಮೊಂಬಾಸಾ ಎಂದು ಹಾಕಿಬಿಟ್ಟಿದ್ದೆ. ಹೇಗಿದ್ದರೂ ಅಲ್ಲಿಗೇ ಹೋಗುವ ಮಾಲು. ಅಕ್ಕೋರು ಎಲ್ಲರ ಮುಂದೆ, "ಉಜ್ಜಿ ಅಳಿಸು. ನಾನು ಹೇಳಿದ ಮೇಲೆ ಮತ್ತೆ ಹಾಕು" ಎಂದರು. ಹನ್ನೆರಡು ಪೆಟ್ಟಿಗೆಗೂ ಕೀಸುಳಿ ಹಾಕಿ ಮಸಿ ತೆಗೆದೆ. ಮಧ್ಯಾಹ್ನ ಅದೇ ಹೆಸರನ್ನು ಅದೇ ಜಾಗದಲ್ಲಿ ಮತ್ತೆ ಹಾಕಿದೆ. ಹೆಂಗಸರು ಮುಸಿಮುಸಿ ನಗುತ್ತಿದ್ದರು. ಆ ಸಿಟ್ಟು ನನ್ನೊಳಗೆ ಉಳಿಯಿತು.

ಅದಾದ ವಾರಕ್ಕೆ ಯಜಮಾನರು ನನ್ನೊಬ್ಬನನ್ನೇ ಒಳಗೆ ಕರೆದರು. ಮಾರಿಷಸ್ಸಿನ ಹೊಸ ಗಿರಾಕಿಯೊಬ್ಬರ ಆರ್ಡರು, ಅರವತ್ತು ಪೆಟ್ಟಿಗೆ. ಮೇಜಿನ ಮೇಲೆ ಬಣ್ಣದ ಚೀಟಿಗಳ ಕಟ್ಟು ಇತ್ತು. "ಇದು ಗಿರಾಕಿ ಕಳಿಸಿದ್ದು. ಪ್ರತಿ ಪೆಟ್ಟಿಗೆ ಮುಚ್ಚಳದ ಒಳಗಡೆ ಒಂದೊಂದು ಅಂಟಿಸಿ ಮೊಳೆ ಹೊಡ್ದುಬಿಡು. ನೀನೊಬ್ಬನೇ ಮಾಡು. ಆಫೀಸಿಗೆ ಹೇಳೋದೇನೂ ಬೇಡ, ಆಯಮ್ಮ ಸುಮ್ನೆ ಗಾಬರಿಯಾಗ್ತಾಳೆ. ದೇವರ ಮುಂದೆ ಹಚ್ಚೋ ಊದುಬತ್ತಿ, ನಾವೇನು ಫಿರಂಗಿ ಕಳಿಸ್ತಿದೀವಾ?"

ಚೀಟಿಯಲ್ಲಿ ಒಂದು ಅಂಗಡಿಯ ಹೆಸರು, ಅದರ ಕೆಳಗೆ ಊರು. ದೊಡ್ಡಕ್ಷರದಲ್ಲಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಡರ್ಬನ್. ಎಷ್ಟು ಸೋಮವಾರ ಕೇಳಿದ್ದೆನೋ ಆ ಹೆಸರನ್ನು. ಆದರೆ ಯಜಮಾನರು ಆರು ಜನರಲ್ಲಿ ನನ್ನನ್ನೇ ಆರಿಸಿ ಕರೆದಿದ್ದರು. ಕೀಸುಳಿಯ ಸಿಟ್ಟೂ ಆರಿರಲಿಲ್ಲ. ಎರಡು ದಿನದಲ್ಲಿ ಅರವತ್ತೂ ಚೀಟಿ ಅಂಟಿಸಿ ಮೊಳೆ ಹೊಡೆದು, ಹೊರಗೆ ಮಾರಿಷಸ್ಸಿನ ಬಂದರಿನ ಹೆಸರು ಹಾಕಿದೆ.

ಮಂಗಳವಾರ ಟಪಾಲಿನಲ್ಲಿ ಹೊಸ ಸುತ್ತೋಲೆ ಬಂತು. ಬೇರೆ ದೇಶದ ಹೆಸರಿನಲ್ಲಿ ಸರಕು ತರಿಸಿಕೊಂಡು ನಿಷೇಧವಿರುವ ದೇಶಕ್ಕೆ ದಾಟಿಸುವುದು ಕಂಡುಬಂದಿದೆ. ಇನ್ನು ಮೇಲೆ ಸರಕು ಕೊನೆಗೆ ಎಲ್ಲಿ ಇಳಿಯುತ್ತದೆ ಎಂದು ಕಳಿಸುವವರು ಸಹಿ ಮಾಡಿ ಹೇಳಬೇಕು. ಅದು ಸುಳ್ಳಾದರೆ ಲೈಸೆನ್ಸು ರದ್ದು, ವಿಚಾರಣೆ ಮುಗಿಯುವ ತನಕ ಬ್ಯಾಂಕಿನಲ್ಲಿ ಖಾತೆ ತಡೆಹಿಡಿಯುತ್ತಾರೆ. ಅಕ್ಕೋರು ಆ ಕಾಗದ ಹಿಡಿದುಕೊಂಡೇ ಶೆಡ್ಡಿಗೆ ಬಂದರು. ಮಾರನೇ ದಿನ ಬೆಳಿಗ್ಗೆ ಲಾರಿಗೆ ಹಾಕಬೇಕಿದ್ದ ಅರವತ್ತು ಪೆಟ್ಟಿಗೆ ಸಾಲಾಗಿ ನಿಂತಿದ್ದವು. ಒಂದರ ಮೇಲೆ ಕೈಯಿಟ್ಟು ನಿಂತರು.

"ಇದಕ್ಕೆಲ್ಲ ಮೊಳೆ ಹೊಡೆದಿದ್ದು ನೀನೇನಾ?"

"ಹೌದು ಅಕ್ಕೋರೆ."

"ಒಳಗೆ ನಮ್ಮ ಮಾಲು ಬಿಟ್ರೆ ಬೇರೆ ಏನಾದ್ರೂ ಇದೆಯಾ? ಚೀಟಿ, ಲೇಬಲ್ಲು, ಏನಾದ್ರೂ?"

"ಇಲ್ಲ."

"ಒಂದು ತೆಗೆದು ನೋಡ್ಲಾ?" ಎಂದವರು ನನ್ನ ಮುಖ ನೋಡಿ ತಾವೇ ತಲೆಯಾಡಿಸಿದರು. "ಬೇಡ ಬಿಡು. ಮೊನ್ನೆ ತಾನೇ ಹನ್ನೆರಡು ಪೆಟ್ಟಿಗೆ ಕೀಸಿಸಿದೀನಿ. ನೀನು ಹೇಳಿದ್ಮೇಲೆ ಮುಗೀತು."

ಒಳಗೆ ಹೋಗಿ ಕಾಗದವನ್ನು ಮೇಲಿನಿಂದ ಓದಿ, ಕೆಳಗಿನಿಂದ ಓದಿ ಸಹಿ ಹಾಕಿದರು. ಕಿಟಕಿಯಿಂದ ನನಗೆ ಕಾಣಿಸುತ್ತಿತ್ತು.

ಆ ರಾತ್ರಿ ಮನೆಯಲ್ಲಿ ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದೆ. ನಮ್ಮವಳು, "ಯಾಕ್ರೀ, ಉಪ್ಪು ಜಾಸ್ತಿಯಾಯ್ತಾ?" ಅಂದಳು. ಬೆಳಕು ಹರಿಯುತ್ತಿದ್ದ ಹಾಗೆ ಎದ್ದು ನಡೆದು ಶಂಕರಪುರಕ್ಕೆ ಹೋದೆ. ಅಕ್ಕೋರು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದರು. ನನ್ನನ್ನು ನೋಡಿದ್ದೇ ಪುಡಿಯ ಡಬ್ಬ ಹಿಡಿದುಕೊಂಡೇ ಎದ್ದು ನಿಂತರು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ: ಚೀಟಿ, ಅದರ ಮೇಲಿನ ಊರು, ಯಜಮಾನರ ಮಾತು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಅರ್ಧ ಹಾಕಿದ್ದ ರಂಗೋಲಿಯನ್ನು ಹಾಗೇ ಬಿಟ್ಟು ಡಬ್ಬವನ್ನು ಹೊಸ್ತಿಲ ಮೇಲಿಟ್ಟರು.

"ಒಳ್ಳೇದಾಯ್ತು ಬಂದೆ. ನಡಿ" ಎಂದರು, ಅಷ್ಟೇ.

ನಾವು ಕಂಪನಿ ಮುಟ್ಟುವಷ್ಟರಲ್ಲಿ ಯಜಮಾನರು ಮಾಲು ತುಂಬಿಸಿ ಕಳಿಸಿಬಿಟ್ಟಿದ್ದರು. ಆದರೆ ಲಾರಿ ಮದ್ರಾಸಿಗೆ ಹೊರಟಿರಲಿಲ್ಲ, ಬೇರೆ ಕಂಪನಿಯ ಮಾಲಿಗಾಗಿ ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ ಕಾಯುತ್ತಿತ್ತು. ಅಕ್ಕೋರು ಯಜಮಾನರ ಮುಂದೆ ನಿಂತು, "ನನ್ನ ಸಹಿ ವಾಪಸ್ ತಗೋತೀನಿ ಸಾರ್. ಮಾಲು ಬಿಚ್ಚಿಸಿ" ಎಂದರು. ಯಜಮಾನರು ಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ಕೈಮುಗಿದರು. "ನಲವತ್ತು ಜನ ಹೆಂಗಸರ ಒಲೆ ಆರಿಸ್ತೀಯೇನಮ್ಮ?" ಅಕ್ಕೋರು ಅಲ್ಲಿಂದ ಸೀದಾ ನಮ್ಮ ರಫ್ತಿನ ಕಾಗದಗಳು ಹೋಗುತ್ತಿದ್ದ ಬ್ಯಾಂಕಿಗೆ ಹೋಗಿ, ತಮ್ಮ ಸಹಿ ಇರುವ ಕಾಗದವನ್ನು ನಂಬಬೇಡಿ ಎಂದು ಬರೆದುಕೊಟ್ಟು ಬಂದರು. ನಾನು ಹೇಳಿದ್ದೆಂದು ಕಂಪನಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಯಾರಿಗೂ ತಿಳಿಸಲಿಲ್ಲ. ಯಾರೋ ಚೀಟಿ ನೋಡಿದ್ದಾರೆ ಎಂದಷ್ಟೇ ಹೇಳಿದರಂತೆ.

ಬ್ಯಾಂಕು ರಫ್ತು ಇಲಾಖೆಗೆ ತಿಳಿಸಿ ಕಂಪನಿಯ ಖಾತೆಯನ್ನು ತಡೆಹಿಡಿಯಿತು, ಪೆಟ್ಟಿಗೆಗಳು ಗೋಡೌನಿನಲ್ಲೇ ನಿಂತವು. ಆ ಶನಿವಾರ ಕೂಲಿ ಬಟವಾಡೆ ಆಗಲಿಲ್ಲ. ಗೌರಿ ಹಬ್ಬಕ್ಕೆ ಹದಿನೈದು ದಿನ ಇತ್ತು. ಅಕ್ಕೋರು ನೀರು ಕುಡಿಯಲು ಶೆಡ್ಡಿಗೆ ಬಂದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು. ಒಬ್ಬಳು ಕೇಳಿಸಲೆಂದೇ, "ಹೊಟ್ಟೆ ತುಂಬಿದೋರ್ಗೆ ಎಲ್ಲ ಕಾನೂನೂ ನೆಪ್ಪಾಗ್ತದೆ" ಅಂದಳು. ಮುನಿಯಮ್ಮ ಎದ್ದು ಮಡಕೆಯಿಂದ ಒಂದು ಲೋಟ ನೀರು ಬಗ್ಗಿಸಿ ಅಕ್ಕೋರ ಕೈಗೆ ಕೊಟ್ಟಳು. ನಾನು ತಗಡು ಕೊರೆಯುತ್ತಾ ಕೂತಿದ್ದೆ.

ಎಂಟು ದಿನಕ್ಕೆ ಇಲಾಖೆಯ ಅಧಿಕಾರಿಗಳು ಗೋಡೌನಿಗೆ ಬಂದರು. ಪೆಟ್ಟಿಗೆ ಬಿಚ್ಚಲು ನನ್ನನ್ನೇ ಕಳಿಸಿದರು. ಹೋಗುವಾಗ ಆಟೋದಲ್ಲಿ ಯಜಮಾನರು ನನ್ನ ತೊಡೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ನೋಡಪ್ಪ, ಚೀಟಿ ಯಾರು ಅಂಟಿಸಿದ್ದು ಅಂತಾರೆ. ನಾನೇ ಅನ್ನು. ಯಾಕೆ ಅಂದ್ರೆ, ಬಣ್ಣ ಚೆನ್ನಾಗಿತ್ತು, ಅಲಂಕಾರಕ್ಕೆ ಅಂತ ಅಂಟಿಸ್ದೆ, ನಂಗೆ ಓದಕ್ಕೆ ಬರಲ್ಲ ಅನ್ನು. ಅಷ್ಟೇ. ಬೇಕಂತ ಮಾಡಿದ್ದಲ್ಲ ಅಂತ ಆಗುತ್ತೆ, ಖಾತೆ ಬಿಡ್ತಾರೆ, ಹಬ್ಬಕ್ಕೆ ಎಲ್ರಿಗೂ ಬಟವಾಡೆ. ಇಲ್ದಿದ್ರೆ ಕಂಪನಿ ಮುಚ್ಚಿದ ಹಾಗೇ."

"ಅಕ್ಕೋರ್ಗೆ ಏನಾಗುತ್ತೆ ಸಾರ್?"

"ಏನಾಗುತ್ತೆ? ನೋಡದೆ ಸೈನ್ ಹಾಕಿದ್ರು ಅಂತ ಒಂದು ಮಾತು ಬರೀತಾರೆ. ಅಷ್ಟೇ ತಾನೇ."

ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ನಾನೇ ಅಂಟಿಸಿದ್ದ ಚೀಟಿ, ಒಂದು ಸುಕ್ಕೂ ಇಲ್ಲದೆ ನೀಟಾಗಿ ಕೂತಿತ್ತು. ಅಧಿಕಾರಿ ಅದರ ಮೇಲೆ ಬೆರಳಿಟ್ಟು, "ಇದರಲ್ಲಿ ಏನು ಬರೆದಿದೆ ಗೊತ್ತೇನಯ್ಯಾ?" ಅಂದರು.

"ಇಲ್ಲ ಸಾರ್. ನಂಗೆ ಓದಕ್ಕೆ ಬರಲ್ಲ."

ನನ್ನ ಬಾಯಿಂದ ಆ ಮಾತು ಬಂದದ್ದು ಜೀವನದಲ್ಲಿ ಅದೊಂದೇ ಸಲ. ಗುಮಾಸ್ತರು ಹೇಳಿಕೆ ಬರೆದುಕೊಂಡರು. ಸಹಿ ಮಾಡಲು ನನ್ನ ಕೈ ಪೆನ್ನಿನ ಕಡೆಗೆ ಹೋಗಿಯೇಬಿಟ್ಟಿತ್ತು. ಯಜಮಾನರು ಕೆಮ್ಮಿದರು. ಗುಮಾಸ್ತರು ಮಸಿಯ ಪ್ಯಾಡು ನನ್ನ ಕಡೆ ತಳ್ಳಿದರು. ಹೆಬ್ಬೆಟ್ಟು ಒತ್ತಿದೆ. ಕೆರೋಸಿನ್ ಹಾಕಿ ತಿಕ್ಕಿದರೂ ಎರಡು ದಿನ ಅದರ ನೀಲಿ ಹೋಗಲಿಲ್ಲ.

ಖಾತೆ ಬಿಟ್ಟರು. ಗೌರಿ ಹಬ್ಬದ ಹಿಂದಿನ ದಿನ ಎಲ್ಲರಿಗೂ ಬಟವಾಡೆ ಆಯಿತು. ಅರವತ್ತು ಪೆಟ್ಟಿಗೆ ಮಾಲು ವಾಪಸ್ಸು ಬಂತು, ಕಂಪನಿಗೆ ಎಚ್ಚರಿಕೆ ಕೊಟ್ಟರು. ಕಾರ್ತೀಕದಲ್ಲಿ ಇಲಾಖೆಯ ಆರ್ಡರು ಬಂತು: ಪೆಟ್ಟಿಗೆಯೊಳಗೆ ಏನಿದೆ ಎಂದು ಪರೀಕ್ಷಿಸದೆ ಬೇಜವಾಬ್ದಾರಿಯಿಂದ ಸಹಿ ಮಾಡಿದ ಈ ಹೆಂಗಸು ಇನ್ನು ಮುಂದೆ ಯಾವ ರಫ್ತು ಕಾಗದಕ್ಕೂ ಸಹಿ ಮಾಡತಕ್ಕದ್ದಲ್ಲ. ಕೆಳಗೆ ಅವರ ಪೂರ್ತಿ ಹೆಸರು, ತಂದೆಯ ಹೆಸರು.

ಆರ್ಡರಿನ ಜೊತೆ ನನ್ನ ಹೇಳಿಕೆಯ ನಕಲೂ ಬಂದಿತ್ತು. ಅದನ್ನು ಫೈಲಿಗೆ ಹಾಕುವ ಕೆಲಸ ಅವರದ್ದೇ. ಕಿಟಕಿಯಿಂದ ನನ್ನನ್ನು ಕರೆದರು.

"ಇದು ನಿಂದಾ?"

"ನಂದೇ ಅಕ್ಕೋರೆ."

ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದರು. "ಹಬ್ಬಕ್ಕೆ ಎಲ್ಲರಿಗೂ ದುಡ್ಡು ಸಿಕ್ತಲ್ಲ, ಆ ಮಟ್ಟಿಗೆ ಒಳ್ಳೇದಾಯ್ತು" ಅಂದರು. ಆ ಮಾತಿನಲ್ಲಿ ಚುಚ್ಚು ಇತ್ತೇ ಎಂದು ನಾನು ವರ್ಷಗಟ್ಟಲೆ ಹುಡುಕಿದ್ದೇನೆ. ಸಿಕ್ಕಿಲ್ಲ.

ಕಂಪನಿಯಲ್ಲಿ ಅವರು ಇನ್ನೂ ಎರಡು ವರ್ಷ ಇದ್ದರು, ಬರೀ ಟೈಪಿಂಗಿಗೆ. ಸಹಿಗೆ ಬೇರೆಯವರು ಬಂದರು. ಶೆಡ್ಡಿಗೆ ಬಂದು ಪಟ್ಟಿ ಓದುವುದನ್ನು ಅವರು ನಿಲ್ಲಿಸಿದರು, ಹೊಸಬರು ಓದಲಿಲ್ಲ. ಒಂದೇ ಒಂದು ಸಲ ಬಂದರು, ರೊಡೇಷಿಯಾ ಸ್ವತಂತ್ರವಾಗಿ ಹೆಸರು ಬದಲಾಗಿ ಪಟ್ಟಿಯಿಂದ ಹೊರಬಿದ್ದ ದಿನ. ಪೊಟ್ಟಣದಲ್ಲಿ ಮೈಸೂರುಪಾಕು ತಂದು ಎಲ್ಲರಿಗೂ ಒಂದೊಂದು ಚೂರು ಹಂಚಿದರು. ನನ್ನ ಕೈಗೂ ಇಟ್ಟರು. "ಒಂದು ಹೋಯ್ತು ನೋಡು" ಅಂದರು. ಆಮೇಲೆ ಕೆಲಸ ಬಿಟ್ಟರು. ನಾನೂ ಕೆಲವು ವರ್ಷಕ್ಕೆ ಬಿಟ್ಟು ಸ್ವಂತ ಪೆಟ್ಟಿಗೆ ಅಂಗಡಿ ಇಟ್ಟೆ. ಶಂಕರಪುರದ ಆ ಬೀದಿಯಲ್ಲಿ ಮಾತ್ರ ಮತ್ತೆ ಕಾಲಿಡಲಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಮುನಿಯಮ್ಮ ಹೇಳಿದ ಮಾರನೇ ದಿನ ಆ ಮನೆಗೆ ಹೋದೆ. ಅವರ ತಮ್ಮ ಹಜಾರದಲ್ಲಿ ಒಬ್ಬರೇ ಕೂತಿದ್ದರು. ಕಂಪನಿಯಲ್ಲಿ ಪ್ಯಾಕಿಂಗಿನಲ್ಲಿದ್ದೆ ಎಂದ ಕೂಡಲೇ ಅವರ ಮುಖ ಅರಳಿತು.

"ಬೆಳಿಗ್ಗೆ ಬೆಳಿಗ್ಗೆ ಇಲ್ಲಿಗೆ ನಡ್ಕೊಂಡು ಬಂದಿದ್ರಲ್ಲ, ಅವರೇನಾ? ಅಕ್ಕ ಹೇಳ್ತಾನೇ ಇದ್ಲು. ಅಷ್ಟು ಜನದಲ್ಲಿ ಒಬ್ಬ ಬಂದು ನಿಜ ಹೇಳ್ದ ಅಂತ. ಕೂತ್ಕೊಳಿ, ಕೂತ್ಕೊಳಿ."

ನಾನು ಕೂರಲಿಲ್ಲ. "ಆಮೇಲಿಂದು ಹೇಳಲಿಲ್ವಾ ಸಾರ್?"

"ಆಮೇಲಿಂದು ಏನು?"

ಹೇಳಿದೆ. ಸಹಿಗೆ ಮುಂಚೆ ಅವರು ಕೇಳಿದಾಗ ಒಳಗೇನೂ ಇಲ್ಲ ಅಂದದ್ದು, ಆಟೋ, ಚೀಟಿ, ಓದಕ್ಕೆ ಬರಲ್ಲ ಅಂದದ್ದು, ಹೆಬ್ಬೆಟ್ಟು. ಅವರ ಮುಖ ಬಿಗಿಯಿತು.

"ಅಕ್ಕಂಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ಆ ಕಾಗದ ಫೈಲಿಗೆ ಹಾಕಿದ್ದೇ ಅವರು."

"ಮತ್ತೆ ಅವಳೇ ಬಾಯಿಬಿಡದೆ ಇದ್ದದ್ದನ್ನ, ಅವಳು ಹೋದ್ಮೇಲೆ ನೀವ್ಯಾಕ್ರೀ ಬಂದು ಹೇಳ್ತೀರ?"

"ಅವರು ಸಹಿ ಯಾಕೆ ಕಳ್ಕೊಂಡ್ರು ಅಂತ ಮನೇಲಿ ನೀವೆಲ್ಲ ಏನಂದ್ಕೊಂಡಿದ್ರಿ ಸಾರ್?"

ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಸಿದರು, ಬಿಚ್ಚಿದರು.

"ನೋಡದೆ ಸೈನ್ ಹಾಕಿದ್ಲು ಅಂತ. ನಾನೇ ಎಷ್ಟೋ ಸಲ ಆಡಿದೀನಿ. ನೋಡದೆ ಯಾರಾದ್ರೂ ಸೈನ್ ಹಾಕ್ತಾರೇನೇ ಅಂತ. ಮಕ್ಕಳ ಮುಂದೆ ಆಡಿದೀನಿ. ತಿರುಗಿ ಒಂದು ಮಾತಾಡ್ತಿರ್ಲಿಲ್ಲ."

ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಯನ್ನು ಕರೆದರು. ಕೂಗಿ ಇಬ್ಬರು ಮಕ್ಕಳನ್ನೂ ಮೇಲಿನಿಂದ ಇಳಿಸಿದರು. ಎಲ್ಲರೂ ಬಂದು ನಿಂತ ಮೇಲೆ ನನ್ನ ಕಡೆ ತಿರುಗಿದರು.

"ಇವರ ಮುಂದೆ ಹೇಳಿ. ಮೊದಲಿಂದ ಹೇಳಿ."

ನಾನು ಮೊದಲಿನಿಂದ ಹೇಳಿದೆ.